ಲೋಟದ ಕೆಳಗಿನ ನೋಟು

"ತಾತಾ! ತಾತಾ, ನಿಲ್ಲು! ದುಡ್ಡು ಅಲ್ಲೇ ಬಿಟ್ಟು ಬಂದಿದ್ದೀಯ!"

ಹೋಟೆಲಿನ ಬಾಗಿಲು ತಳ್ಳಿಕೊಂಡು ಮಿಂಚು ಹೊರಗೆ ಓಡಿ ಬಂದಳು. ಕೈಯಲ್ಲಿ ನೋಟು, ಮುಖದ ತುಂಬ ಜಂಬ. ಮನೆಯಲ್ಲಿ ಎಲ್ಲರೂ ಅವಳನ್ನು ಮಿಂಚು ಅಂತಲೇ ಕರೆಯುವುದು. ಒಂದು ಕಡೆ ನಿಂತರೆ ತಾನೇ?

"ಲೋಟದ ಕೆಳಗೆ ಇತ್ತು. ಸದ್ಯ, ನಾನು ನೋಡಿದೆ!"

ತಾತ ಹಣೆ ಚಚ್ಚಿಕೊಂಡರು. "ಅಯ್ಯೋ ನನ್ನ ಕಂದಾ! ಅದು ಮರೆತಿದ್ದಲ್ಲ, ಬೇಕಂತಲೇ ಇಟ್ಟಿದ್ದು. ನಮಗೆ ಬಡಿಸಿದ ಅಕ್ಕನಿಗೆ ಟಿಪ್ಸು."

ಮಿಂಚುವಿನ ಜಂಬ ಠುಸ್ ಎಂದಿತು. ಅವಳಾದರೂ ಏನು ಮಾಡಿಯಾಳು, ಪಾಪ! ಅಪ್ಪ ಎಲ್ಲಿ ಹೋದರೂ ಫೋನಿನಲ್ಲೇ ದುಡ್ಡು ಕೊಡುತ್ತಾರೆ. ಲೋಟದ ಕೆಳಗೆ ಇಡುವವರನ್ನು ಅವಳು ನೋಡಿಯೇ ಇರಲಿಲ್ಲ.

"ಈಗ ಯಾರು ಹಾಗೆಲ್ಲ ಇಡ್ತಾರಪ್ಪಾ?" ಎಂದರು ಪಕ್ಕದಲ್ಲೇ ನಿಂತಿದ್ದ ಮಿಂಚುವಿನ ಅಪ್ಪ. "ಟಿಪ್ಸ್ ಕೊಡ್ತೀರಾ ಅಂತ ಫೋನೇ ಕೇಳುತ್ತೆ."

"ನೀನು ಕೊಟ್ಯಾ?"

ಅಪ್ಪ ತಲೆ ಕೆರೆದುಕೊಂಡರು. "ಅವಸರದಲ್ಲಿ... ಬೇಡ ಅಂತ ಒತ್ಬಿಟ್ಟೆ."

"ಭೇಷ್! ಅಪ್ಪ ಒತ್ತಿದ, ಮಗಳು ಎತ್ತಿದ್ಲು!"

ಹಾಗೆಂದರೂ ತಾತ ನಗಲಿಲ್ಲ. "ಮೂವತ್ತು ವರ್ಷ ನಾನೂ ಹೋಟೆಲಲ್ಲಿ ತಟ್ಟೆ, ಲೋಟ ಎತ್ತಿದೋನು. ನಾನು ತುಂಬಾ ಚೆನ್ನಾಗಿ ನೋಡ್ಕೊಂಡ ಗಿರಾಕಿ ಏನೂ ಇಡದೆ ಹೋದ್ರೆ ಸಾಕು, ನಾನೇನು ತಪ್ಪು ಮಾಡಿದ್ನೋ ಅಂತ ದಿನವಿಡೀ ಅದೇ ಯೋಚನೆ."

ಮಿಂಚು ಕೈಯಲ್ಲಿದ್ದ ನೋಟನ್ನು ನೋಡಿದಳು. ಆ ಅಕ್ಕ ಎಷ್ಟು ಒಳ್ಳೆಯವರು! ಮಿಂಚು ಜ್ಯೂಸ್ ಚೆಲ್ಲಿದಾಗ ಅಪ್ಪ ಕಣ್ಣು ಕೆಂಪಗೆ ಮಾಡಿದ್ದರು. "ಟೇಬಲ್ಲೇ ಸರಿ ಇಲ್ಲ ಸರ್, ಪುಟ್ಟಿ ತಪ್ಪಲ್ಲ" ಎಂದು ಸುಳ್ಳು ಹೇಳಿ, ಎಲ್ಲ ಒರೆಸಿ, ಇನ್ನೊಂದು ಲೋಟ ಜ್ಯೂಸ್ ತಂದುಕೊಟ್ಟವರು ಅವರೇ. ಅಂಥವರ ಟಿಪ್ಸನ್ನೇ ತಾನು ಎತ್ತಿಕೊಂಡು ಬಂದಿದ್ದಳು.

"ತಾತಾ, ನೀನೇ ಹೋಗಿ ಕೊಡು. ನನ್ನ ಕಳ್ಳಿ ಅಂದ್ಕೊಂಡ್ರೆ?"

"ಎತ್ಕೊಂಡು ಬಂದೋರು ಯಾರು?"

ಮಿಂಚು ಕಾಲೆಳೆಯುತ್ತ ಒಳಗೆ ಹೋದಳು. ಟೇಬಲ್ ಆಗಲೇ ಖಾಲಿಯಾಗಿತ್ತು. ಅಕ್ಕ ಅದನ್ನು ಒರೆಸುತ್ತಿದ್ದರು. ಮುಖ ಸಪ್ಪಗಿತ್ತು.

"ಏನು ಪುಟ್ಟೀ, ಏನಾದ್ರೂ ಬಿಟ್ಟು ಹೋದ್ಯಾ?"

"ಇದು ನಿಮ್ದು ಅಕ್ಕಾ. ತಾತ ಲೋಟದ ಕೆಳಗೆ ಇಟ್ಟಿದ್ರು. ಮರೆತಿದ್ದಾರೆ ಅಂತ ನಾನು ಎತ್ಕೊಂಡ್ಬಿಟ್ಟೆ. ನಂಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ. ಸಾರಿ!" ಮಿಂಚು ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ಅಕ್ಕ ಒರೆಸುವ ಬಟ್ಟೆಯನ್ನು ಕೆಳಗಿಟ್ಟರು. "ಹಾಗಾ? ಜ್ಯೂಸ್ ತರೋದು ತಡ ಆಯ್ತು ಅಂತ ಬೇಜಾರು ಮಾಡ್ಕೊಂಡು ಹೋದ್ರೇನೋ ಅಂದ್ಕೊಂಡಿದ್ದೆ ಕಣೇ."

"ಅಯ್ಯೋ, ಇಲ್ಲಪ್ಪಾ! ನೀವಿಲ್ದಿದ್ರೆ ಇವತ್ತು ನಂಗೆ ಚೆನ್ನಾಗಿ ಬೈಗುಳ ಬೀಳ್ತಿತ್ತು. ತುಂಬಾ ಥ್ಯಾಂಕ್ಸ್ ಅಕ್ಕಾ."

ಅಕ್ಕನ ಮುಖ ಅರಳಿತು. ಕೈಗೆ ಬಂದ ನೋಟನ್ನು ಅವರು ನೋಡಲೇ ಇಲ್ಲ. "ಅದನ್ನ ಹೇಳೋಕೆ ವಾಪಸ್ ಬಂದ್ಯಾ, ನನ್ನ ಬಂಗಾರ!" ಎಂದು ಮಿಂಚುವಿನ ಕೆನ್ನೆ ಹಿಂಡಿದರು.

ಮನೆಯ ದಾರಿಯಲ್ಲಿ ಮಿಂಚು ಕೇಳಿದಳು. "ತಾತಾ, ನಿಂಗೆ ಯಾರಾದ್ರೂ ಹೀಗೆ ವಾಪಸ್ ಬಂದು ಥ್ಯಾಂಕ್ಸ್ ಹೇಳಿದ್ರಾ?"

ತಾತ ಇಲ್ಲವೆಂದು ತಲೆಯಾಡಿಸಿದರು. "ವಾಪಸ್ ಏನೋ ಬರ್ತಿದ್ರು, ಛತ್ರಿ ಮರೆತೋರು."

ಅಪ್ಪ ಗೊಳ್ಳೆಂದು ನಕ್ಕರು. ಮಿಂಚುವೂ ನಕ್ಕಳು, ಆಮೇಲೆ ಅವಳಿಗೆ ತನ್ನ ತಟ್ಟೆ ನೆನಪಾಯಿತು. ದಿನಾ ಬೆಳಿಗ್ಗೆ ಅವಳು ತಿಂದ ತಟ್ಟೆಯನ್ನು ಅಲ್ಲೇ ಬಿಟ್ಟು ಸ್ಕೂಲ್ ಬ್ಯಾಗ್ ಹಾಕಿಕೊಂಡು ಓಡುತ್ತಾಳೆ. ಸಂಜೆ ಬರುವ ಹೊತ್ತಿಗೆ ಆ ತಟ್ಟೆ ತೊಳೆದು ಒರೆಸಿ ಜಾಗದಲ್ಲಿ ಇರುತ್ತದೆ. ಅದು ಹೇಗೆ ಅಲ್ಲಿಗೆ ಹೋಗುತ್ತದೆ ಎಂದು ಅವಳು ಇವತ್ತಿನವರೆಗೂ ಕೇಳಿರಲಿಲ್ಲ. ಎಲ್ಲರೂ ಹೊರಟ ಮೇಲೆ ಮನೆಯಲ್ಲಿ ಇರುವವರು ತಾತ ಒಬ್ಬರೇ.

ಅವಳು ತಾತನ ಕೈ ಹಿಡಿದುಕೊಂಡಳು. "ಥ್ಯಾಂಕ್ಸ್ ತಾತಾ."

"ಯಾತಕ್ಕೇ?"

"ನನ್ನ ತಟ್ಟೆ ಎತ್ತಿದ್ದಕ್ಕೆ. ದಿನಾ."

ತಾತ ಅವಳ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು. ಮನೆ ಬರುವವರೆಗೂ ಅವರು ಮಿಂಚುವಿನ ಕೈ ಬಿಡಲಿಲ್ಲ. ಮಿಂಚುವೂ ಓಡಲಿಲ್ಲ.