ಕಾಣೆಯಾದ ಗ್ಯಾಲರಿಯ ದೃಶ್ಯ

ಕ್ರೀಡಾಂಗಣದ ಪೂರ್ವ ಗ್ಯಾಲರಿಯ ಕಂಬಿ ಕಿತ್ತು ಬಂದು ಜನ ಕೆಳಗೆ ಬಿದ್ದ ದೃಶ್ಯ ವಾರ್ತಾ ವಿಭಾಗದ ಕಂಪ್ಯೂಟರಿನಿಂದ ಮಾಯವಾಗಿತ್ತು. ಕ್ಯಾಮೆರಾದ ಕಾರ್ಡನ್ನು ಎಂದಿನಂತೆ ಅಳಿಸಿ ಬೇರೆಯವರಿಗೆ ಕೊಟ್ಟಾಗಿತ್ತು. ಚಿತ್ರೀಕರಿಸಿದ್ದ ವರದಿಗಾರ್ತಿಯೇ ಕಳೆದಳೆಂದು ಅವಳ ಕೆಲಸಕ್ಕೆ ಕುತ್ತು ಬಂತು. ಕ್ರೀಡಾಂಗಣದವರು, ಜನ ಮೆಟ್ಟಿಲಲ್ಲಿ ಜಾರಿದರೆಂದು ಹೇಳಿ ಕೈತೊಳೆದುಕೊಂಡಿದ್ದರು. ಮರುದಿನ ಸಂಜೆ ಅಲ್ಲೇ ಇನ್ನೊಂದು ಪಂದ್ಯವಿತ್ತು. ಪ್ರಸಾರದ ಹಕ್ಕು ಇದೇ ವಾಹಿನಿಯದು.

ವಾರ್ತಾವಾಚಕಿಗೆ ಮನಸ್ಸು ತಡೆಯಲಿಲ್ಲ. ಅವಳ ಸೋದರಮಾವ ನಿವೃತ್ತ ಪತ್ತೇದಾರರು, ಈಗ ವಾಹಿನಿಯ ಭದ್ರತೆ ನೋಡಿಕೊಳ್ಳುತ್ತಿದ್ದರು. ಅವರಲ್ಲಿ ಗೋಳು ತೋಡಿಕೊಂಡಳು. ಕಚೇರಿಯೆಲ್ಲ ಜಾಹೀರಾತು ವಿಭಾಗದ ಮುಖ್ಯಸ್ಥನತ್ತ ಬೆರಳು ತೋರಿಸುತ್ತಿತ್ತು. ಸುದ್ದಿಯಲ್ಲಿ ಮೂಗು ತೂರಿಸದಿದ್ದರೆ ಅವನಿಗೆ ಕಾಫಿ ಇಳಿಯುತ್ತಿರಲಿಲ್ಲ. ಮಾವ ಮಾತ್ರ ಹಿಂದಿನ ದಿನದ ವಾರ್ತೆ ಹಾಕಿಸಿದರು. ಗ್ಯಾಲರಿ ಬರಬೇಕಾದ ಕಡೆ ತಂಡದ ನಾಯಕನ ಸಿಕ್ಸರ್‌ಗಳು ಬಂದಿದ್ದವು. ಸಂಪಾದಕರು ಬರೆದು, ವಾಚಕಿ ನೋಡಿ ಓದುವ ಪರದೆಗೆ ಕಳಿಸಿದ ಮಾತನ್ನು ಅವಳು ನಗುನಗುತ್ತ ಓದಿದ್ದಳು. 

ಮಾವ ಎಲ್ಲರನ್ನೂ ಸಂಪಾದಕರ ಕೋಣೆಯಲ್ಲಿ ಸೇರಿಸಿದರು. ದೃಶ್ಯ ಇಲ್ಲವೆಂದು ಗೊತ್ತಾದದ್ದು ಯಾವಾಗ ಎಂದು ಕೇಳಿದರು. ವಾರ್ತೆ ನಡೆಯುತ್ತಿದ್ದಾಗಲೇ ಎಂದು ಸಂಪಾದಕರೂ ಸೇರಿ ಎಲ್ಲರೂ ಒಪ್ಪಿದರು. ಮಾವ ಸಂಪಾದಕರತ್ತ ತಿರುಗಿದರು.

“ವಾರ್ತೆ ಮಧ್ಯೆ ದೃಶ್ಯ ಕೈಕೊಟ್ಟರೆ ನಮ್ಮ ಹುಡುಗಿ ತಡವರಿಸ್ತಾಳೆ, ಕ್ಷಮೆ ಕೇಳ್ತಾಳೆ. ನಿನ್ನೆ ಒಂದಕ್ಷರ ತಪ್ಪಲಿಲ್ಲ. ಸಿಕ್ಸರ್ ತುಣುಕು, ಅದಕ್ಕೆ ಹೊಂದೋ ಮಾತು ಎರಡೂ ಮೊದಲೇ ತಯಾರಾಗಿದ್ದವು. ದೃಶ್ಯ ಇರಲ್ಲ ಅಂತ ಬರೆದವರಿಗೆ ಮುಂಚೆನೇ ಗೊತ್ತಿತ್ತು. ಜಾಹೀರಾತಿನವರು ಬೇಕಾದ್ದು ಕೇಳಬಹುದು, ಪರದೆಗೆ ಬರೆಯೋದು ನೀವೊಬ್ಬರೇ ಅಲ್ವಾ ಸಂಪಾದಕರೇ?”

ಸಂಪಾದಕರು ಕನ್ನಡಕ ತೆಗೆದಿಟ್ಟರು.

“ಅಳಿಸು ಅಂತ ಯಾರೂ ನನಗೆ ಹೇಳಲಿಲ್ಲ. ಹೇಳೋವರೆಗೆ ನಾನು ಕಾಯಲಿಲ್ಲ, ಅಷ್ಟೇ. ಪಂದ್ಯಕ್ಕೆ ಜನ ಬರದೇ ಹೋದರೆ ವಾಹಿನಿಗೆ ನಷ್ಟ, ಮೊದಲು ಮುಚ್ಚೋದು ನಮ್ಮ ವಿಭಾಗನೇ ಅಂದ್ಕೊಂಡೆ.”

ಜಾಹೀರಾತಿನವನು ತಲೆ ತಗ್ಗಿಸಿ, ತಾನು ಹೇಗೂ ಅದನ್ನೇ ಕೇಳುವವನಿದ್ದೆ ಎಂದು ಒಪ್ಪಿಕೊಂಡ. ವರದಿಗಾರ್ತಿ ಸದ್ದಿಲ್ಲದೆ ಅಳುತ್ತಿದ್ದಳು. ವಾಚಕಿಗೆ ಅವಳ ಮುಖ ನೋಡಲಾಗಲಿಲ್ಲ.

“ಮಾವ, ಇವಳು ನನಗೆ ಆ ದೃಶ್ಯ ತೋರಿಸಿದ್ದಳು. ಪರದೆ ಮೇಲೆ ಬೇರೇನೋ ಬಂತು. ಯಾಕೆ ಅಂತ ಕೇಳಲಿಲ್ಲ, ಓದಿಬಿಟ್ಟೆ.”

ಮಾವ ಸಮಾಧಾನ ಹೇಳಲಿಲ್ಲ. ಕ್ರೀಡಾಂಗಣದ ಬಾಗಿಲು ತೆರೆಯುವ ಹೊತ್ತಾಯಿತೆಂದು ಮಾತ್ರ ನೆನಪಿಸಿದರು.

ಅವಳು ಸ್ಟುಡಿಯೋಗೆ ನಡೆದಳು. ಸಂಪಾದಕರು ತಡೆಯಲಿಲ್ಲ. ಪರದೆ ಖಾಲಿಯಿತ್ತು.

“ಪೂರ್ವ ಗ್ಯಾಲರಿಯ ಕಂಬಿ ನಿನ್ನೆ ಕಿತ್ತು ಬಂದಿದೆ. ಜನ ಕೆಳಗೆ ಬಿದ್ದಿದ್ದಾರೆ. ದಯವಿಟ್ಟು ಅಲ್ಲಿ ಯಾರೂ ಕೂರಬೇಡಿ,” ಎಂದಳು. ತಡವರಿಸಿದಳು. “ತೋರಿಸಲು ನಮ್ಮಲ್ಲಿ ದೃಶ್ಯವಿಲ್ಲ. ಇತ್ತು. ನಾವೇ ಅಳಿಸಿದೆವು.”