ಹೊಸಬಳಿಗೆ ಬೇಕಾಗಿದ್ದ ವೈರಿ

ಜೇಡಿಮಣ್ಣಿನ ಬಾತುಕೋಳಿಯ ಕತ್ತು ಇಷ್ಟು ಸಲೀಸಾಗಿ ಕಿತ್ತು ಬರುತ್ತದೆ ಎಂದು ಅವಳು ಅಂದುಕೊಂಡಿರಲಿಲ್ಲ. ಸ್ವಲ್ಪ ಸೊಟ್ಟಗಾದರೆ ಸಾಕಿತ್ತು. ಹೆಬ್ಬೆರಳಿನಿಂದ ಒತ್ತಿದಳು, ತಲೆ ಅಂಗೈಗೆ ಬಿತ್ತು.

ಊಟದ ಬಿಡುವು. ಕ್ಲಾಸಿನಲ್ಲಿ ಬೇರೆ ಯಾರೂ ಇರಲಿಲ್ಲ. ಕಿಟಕಿಯ ಕೆಳಗೆ ಒಣಗಲು ಇಟ್ಟ ಬೊಂಬೆಗಳ ಸಾಲಿನಲ್ಲಿ ಗುಂಗುರು ಮಾಡಿದ ಬಾತುಕೋಳಿ ತಲೆಯಿಲ್ಲದೆ ಕೂತಿತ್ತು.

ಗುಂಗುರು ಎಂದರೆ ಗುಂಗುರು ಕೂದಲಿನ ಹುಡುಗಿ. ಅದರ ಕತ್ತು ಕಿತ್ತ ಇವಳನ್ನು ಎಲ್ಲರೂ ಕರೆಯುವುದು ಹೊಸಬಳು ಎಂದು. ಶಾಲೆಗೆ ಸೇರಿ ಆಗಲೇ ಒಂದು ಪರೀಕ್ಷೆ ಮುಗಿದಿತ್ತು. ಆ ಹೆಸರು ಮಾತ್ರ ಹಳೆಯದಾಗಿರಲಿಲ್ಲ.

ಎಲ್ಲ ಶುರುವಾದದ್ದು ಭಾನುವಾರ. ಚರ್ಚಿನ ಹಿಂದಿನ ಕೋಣೆಯಲ್ಲಿ ಸಂಡೆ ಸ್ಕೂಲ್ ಟೀಚರ್ ಯೇಸುವಿನ ಮಾತು ಹೇಳಿಕೊಟ್ಟಿದ್ದರು. ವೈರಿಗಳನ್ನೂ ಪ್ರೀತಿಸಬೇಕಂತೆ. ಮುಂದಿನ ವಾರದೊಳಗೆ ಪ್ರತಿಯೊಬ್ಬರೂ ತಮ್ಮ ಒಬ್ಬ ವೈರಿಗೆ ಏನಾದರೂ ಒಳ್ಳೆಯದು ಮಾಡಿ, ಬಂದು ಹೇಳಬೇಕು ಎಂದು ಹೋಮ್‌ವರ್ಕ್ ಬೇರೆ ಕೊಟ್ಟರು. ಉಳಿದವರು ಪಿಸುಗುಟ್ಟತೊಡಗಿದರು. ಒಬ್ಬನಿಗೆ ಪಕ್ಕದ ಮನೆಯ ಹುಡುಗ ವೈರಿ, ಒಬ್ಬಳಿಗೆ ಸ್ವಂತ ಅಕ್ಕ. ಇನ್ನೊಬ್ಬನಿಗಂತೂ ಮೂವರಿದ್ದರು, ಯಾರನ್ನು ಆರಿಸುವುದೆಂದು ತಲೆ ಕೆಡಿಸಿಕೊಂಡಿದ್ದ.

ಹೊಸಬಳಿಗೆ ಒಬ್ಬರೂ ಇರಲಿಲ್ಲ. ಜಗಳವಾಡಬೇಕೆಂದರೂ ಮೊದಲು ಯಾರಾದರೂ ಮಾತಾಡಿಸಬೇಕಲ್ಲ.

ಮನೆಯಲ್ಲಿರುವುದು ಅವಳು, ಅಪ್ಪ, ಇಬ್ಬರೇ. ಅಪ್ಪ ಬೇಕರಿಯಲ್ಲಿ ಬ್ರೆಡ್ ಮಾಡುತ್ತಾರೆ. ನಸುಕಿನಲ್ಲೇ ಹೋಗಿಬಿಡುತ್ತಾರೆ, ಅವಳು ಶಾಲೆಯಿಂದ ಬರುವಾಗ ಮಲಗಿರುತ್ತಾರೆ. ಅವರು ಏಳುವವರೆಗೂ ಅವಳು ಚಮಚವನ್ನು ಕೂಡ ಸದ್ದಾಗದಂತೆ ಇಡುತ್ತಾಳೆ. ಸೋಮವಾರ ಅವರು ಎದ್ದ ಕೂಡಲೇ ಕೇಳಿದಳು.

"ಅಪ್ಪಾ, ನಿಂಗೆ ವೈರಿಗಳು ಇದಾರಾ?"

ಅಪ್ಪನ ರೆಪ್ಪೆಯ ಮೇಲೆ ಇನ್ನೂ ಮೈದಾಹಿಟ್ಟಿತ್ತು. "ಇದೆಯಲ್ಲಮ್ಮಾ, ನಮ್ಮ ಓವನ್ನು. ದಿನಾ ಕೈ ಸುಡುತ್ತೆ. ಆದ್ರೂ ದಿನಾ ಅದನ್ನ ಒರೆಸಿಟ್ಟು ಬರ್ತೀನಿ."

ಯಾಕೆ ಕೇಳಿದೆ ಎನ್ನುವಷ್ಟರಲ್ಲಿ ಅವರಿಗೆ ದೊಡ್ಡದೊಂದು ಆಕಳಿಕೆ ಬಂತು. ಮಾತು ಅಲ್ಲಿಗೇ ನಿಂತಿತು.

ಆಗಲೇ ಅವಳು ತೀರ್ಮಾನಿಸಿದ್ದು, ಒಬ್ಬ ವೈರಿಯನ್ನು ತಾನೇ ಮಾಡಿಕೊಳ್ಳುವುದೆಂದು. ಕ್ಲಾಸಿಗೆಲ್ಲ ದೊಡ್ಡ ಬಾಯಿ ಗುಂಗುರುವಿನದು. ಬಾತುಕೋಳಿಯ ಕತ್ತು ಸೊಟ್ಟಗಾದರೆ ಅವಳು ಕೂಗಾಡುತ್ತಾಳೆ, ಟೂ ಬಿಡುತ್ತಾಳೆ. ಆಗ ತನ್ನ ಜೇಡಿಮಣ್ಣಿನ ಆಮೆಯನ್ನು ಅವಳಿಗೆ ಕೊಟ್ಟುಬಿಡುವುದು. ಆಮೇಲೆ ಅವಳು ದಿನಾ ಮಾತಾಡಿಸಲೂಬಹುದು. ಈ ಕೊನೆಯದನ್ನು ಹೊಸಬಳು ತನಗೆ ತಾನೇ ಕೂಡ ಜೋರಾಗಿ ಹೇಳಿಕೊಂಡಿರಲಿಲ್ಲ.

ಬೆಲ್ ಹೊಡೆಯಿತು. ಮಕ್ಕಳು ನುಗ್ಗಿಕೊಂಡು ಒಳಗೆ ಬಂದರು. ತಲೆಯಿಲ್ಲದ ಬಾತುಕೋಳಿ ನೋಡಿ ಯಾರು ಮಾಡಿದ್ದೆಂದು ಕ್ಲಾಸ್ ಟೀಚರ್ ಕೇಳಿದಾಗ ಹುಡುಗರು ಒಬ್ಬರ ಮೇಲೊಬ್ಬರು ಹಾಕಿದರು. ಹೊಸಬಳು ಲೆಕ್ಕಕ್ಕೆ ಉತ್ತರ ಹೇಳುವವಳಂತೆ ಕೈ ಎತ್ತಿದಳು. ಇಡೀ ಕ್ಲಾಸು ಅವಳತ್ತ ತಿರುಗಿತು. ಅಷ್ಟೊಂದು ಕಣ್ಣುಗಳು ಅವಳನ್ನು ನೋಡಿದ್ದು ಅದೇ ಮೊದಲು.

ಗುಂಗುರು ಕೂಗಾಡಲಿಲ್ಲ.

"ನಾನು ನಿಂಗೇನು ಮಾಡಿದ್ದೆ?"

ಹೊಸಬಳು ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು.

"ಏನೂ ಮಾಡಿಲ್ಲ."

"ಮತ್ಯಾಕೆ?"

ಹೊಸಬಳು ಅಂಗೈಯಲ್ಲಿದ್ದ ತಲೆಯನ್ನು ಮುಂದೆ ಚಾಚಿದಳು. ಗುಂಗುರು ಬೆರಳಿಗೆ ಎಂಜಲು ಹಚ್ಚಿ ಬಾತುಕೋಳಿಯ ಕತ್ತಿಗೆ ಸವರಿದಳು, ತಲೆಯನ್ನು ಕೂರಿಸಿ ನೋಡಿದಳು. ಮಣ್ಣು ಒಣಗಿಬಿಟ್ಟಿತ್ತು, ಅಂಟಲಿಲ್ಲ. ಇನ್ನೊಮ್ಮೆ ಇಟ್ಟಳು. ಅವಳ ಕೆಳತುಟಿ ಅದುರುತ್ತಿತ್ತು.

ಕೂಗಾಟವಾದರೆ ಹೀಗೆ, ಜಗಳವಾದರೆ ಹಾಗೆ ಎಂದೆಲ್ಲ ಹೊಸಬಳು ಲೆಕ್ಕ ಹಾಕಿದ್ದಳು. ಅದುರುವ ತುಟಿ ಅವಳ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ. ವೈರಿ ಸಿಕ್ಕಿದ್ದು ತನಗಲ್ಲ, ಗುಂಗುರುವಿಗೆ. ಆ ವೈರಿ ತಾನೇ.

ಅವಳಿಗೆ ಭಾನುವಾರದ ಹೋಮ್‌ವರ್ಕ್ ಮರೆತೇಹೋಯಿತು. ಕಿಟಕಿಯ ಹತ್ತಿರ ಹೋಗಿ ಆಮೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದಳು. ಅದರ ಚಿಪ್ಪಿನ ಮೇಲೆ ಒಂದೊಂದೇ ಗೆರೆಯನ್ನು ಪಿನ್ನಿನಿಂದ ಅವಳೇ ಕೊರೆದಿದ್ದಳು.

"ಇದನ್ನ ನೀನು ಇಟ್ಕೋ."

ಗುಂಗುರು ಆಮೆಯನ್ನು ನೋಡಿದಳು, ಹೊಸಬಳ ಮುಖ ನೋಡಿದಳು.

"ನಂಗೆ ಬೇಡ."