ಇಬ್ಬರನ್ನು ಎಳೆಯುವ ಗಾಡಿ

ನನ್ನನ್ನು ನೋಡಲು ಬಂದವರು ನಮ್ಮ ಅಪ್ಪನ ಮೋಟಾರ್ ಸೈಕಲ್ ನೋಡಿಕೊಂಡು ಹೋದರು.

ಸುಳ್ಳಲ್ಲ. ಮಲ್ಲಿಗೆ ಮುಡಿದು, ಕಾಫಿ ತಟ್ಟೆ ಹಿಡಿದು ನಾನು ಹಜಾರಕ್ಕೆ ಬಂದರೆ ವರನ ಕುರ್ಚಿ ಖಾಲಿ. ಅವರ ಚಿಕ್ಕಪ್ಪ ಒಬ್ಬರೇ ಮುಜುಗರದಿಂದ ಕೋಡುಬಳೆ ಮುರಿಯುತ್ತಾ ಕೂತಿದ್ದರು. ವರಮಹಾಶಯರು ಕೈ ತೊಳೆಯಲು ಹಿತ್ತಲಿಗೆ ಹೋದವರು ಷೆಡ್ಡಿನ ಬಾಗಿಲು ತೆರೆದಿರುವುದನ್ನು ಕಂಡು ಒಳಹೊಕ್ಕಿದ್ದರು. ಕರೆತರಲು ಹೋದ ಅಪ್ಪನೂ ಅಲ್ಲೇ ಉಳಿದುಬಿಟ್ಟಿದ್ದರು.

ನಮ್ಮಪ್ಪ ವ್ಯಾಸರಾಯರು ಕೊಯಮತ್ತೂರಿನಲ್ಲಿ ವಕೀಲರು. ಯುದ್ಧಕ್ಕೆ ಮೊದಲು ಕೊಂಡ ಬಿ.ಎಸ್.ಎ. ಗಾಡಿ ಅದು. ಊಟಿ, ಧಾರಾಪುರ, ಉಡುಮಲಪೇಟೆ ಅಂತ ಎಲ್ಲ ಕೋರ್ಟಿಗೂ ಅದರ ಮೇಲೇ ಹೋಗುತ್ತಿದ್ದರು. ಸೊಂಟನೋವು ಹತ್ತಿಕೊಂಡ ಮೇಲೆ ಗಾಡಿ ಗೋಣಿ ಹೊದ್ದು ನಮ್ಮ ಆರ್.ಎಸ್. ಪುರಂ ಮನೆಯ ಷೆಡ್ಡಿನಲ್ಲಿ ಮಲಗಿತ್ತು.

ಕಡೆಗೂ ವರ ಒಳಗೆ ಬಂದರು. ಅನಂತಪದ್ಮನಾಭ ಅಂತ ಉದ್ದನೆಯ ಹೆಸರು, ಆಳೂ ಹಾಗೆಯೇ. ದಾವಣಗೆರೆಯವರು, ಪೀಳಮೇಡಿನ ಮಿಲ್ಲೊಂದರಲ್ಲಿ ಇಂಜಿನಿಯರು. ಬಿಳಿ ಕರವಸ್ತ್ರಕ್ಕೆ ಬೆರಳಿನ ಗ್ರೀಸು ಒರೆಸುತ್ತಾ ನನ್ನತ್ತ ಒಮ್ಮೆ ನೋಡಿದರು. ಒಮ್ಮೆ ಅಂದರೆ ಒಮ್ಮೆ. ಕಿವಿ ಕೆಂಪಾಯಿತು. ಆಮೇಲೆ ಕಾಫಿ ಲೋಟವನ್ನೇ ನೋಡುತ್ತಾ ಕೂತರು.

ಹೊರಡುವಾಗ ಚಿಕ್ಕಪ್ಪ, "ನಮ್ಮ ಹುಡುಗನಿಗೆ ಒಪ್ಪಿಗೆ. ಹುಡುಗಿ ಓದಿದವಳು, ಸ್ಕೂಲಲ್ಲಿ ಲೆಕ್ಕ ಹೇಳಿಕೊಡೋಳು, ಅವಳೂ ಯೋಚನೆ ಮಾಡಲಿ. ಇನ್ನೇನು ಆಷಾಢ ಬಂತು. ತಿಂಗಳು ಕಳೆದ ಮೇಲೆ ನೀವೇ ಹೇಳಿಕಳಿಸಿ" ಎಂದರು.

"ಆಗ್ಲಿ, ತಿಂಗಳು ಕಳೀಲಿ" ಎಂದರು ಅಪ್ಪ.

ಒಪ್ಪಿಗೆ ಹೇಳಿದ್ದು ಚಿಕ್ಕಪ್ಪ. ಹುಡುಗ ಬಾಯಿಬಿಟ್ಟು ಕೇಳಿದ್ದು ಒಂದೇ ಮಾತು: "ಸರ್, ಭಾನುವಾರ ಬಂದು ಆ ಗಾಡಿ ಬಿಚ್ಚಲಾ?"

ನನಗೆ ಮೈಯೆಲ್ಲ ಉರಿದುಹೋಯಿತು.

ಅಲ್ಲಿಂದ ಭಾನುವಾರ ಬಂತೆಂದರೆ ನಮ್ಮ ಷೆಡ್ಡಿನಲ್ಲಿ ಕಬ್ಬಿಣದ ಸದ್ದು. ಪಾಲಕ್ಕಾಡಿನ ಕಡೆಯಿಂದ ಗಾಳಿ ಬೀಸುವ ಕಾಲ. ಕಿಟಕಿ ಬಾಗಿಲೆಲ್ಲ ಬಡಿದುಕೊಳ್ಳುತ್ತಿದ್ದವು. ಒಣಹಾಕಿದ ಸೀರೆ ಪಕ್ಕದ ಮನೆಯ ಬೇವಿನ ಮರ ಹತ್ತುತ್ತಿತ್ತು. ನಾನೂ ಒಂದು ಕಡೆ ನಿಲ್ಲುತ್ತಿರಲಿಲ್ಲ. ಪುಸ್ತಕ ಹಿಡಿದರೆ ಓದು ಹತ್ತದು, ಹೊಲಿಗೆ ಹಿಡಿದರೆ ದಾರ ತೂರದು.

"ಅಜ್ಜಿ, ಅವರ ವಿಷಯ ಏನಾಯ್ತು?" ಅಂತ ಬಾಯಿ ತೆರೆದರೆ ಸಾಕು, ಸರಸ್ವತಮ್ಮ ಅಜ್ಜಿ ಕೈ ಅಡ್ಡ ಹಿಡಿಯುತ್ತಿದ್ದರು. ಅಜ್ಜಿಯ ಕನ್ನಡದಲ್ಲಿ ಅರ್ಧ ತಮಿಳು: ಮಾತು ಅವರಿಗೆ ಪೇಚ್ಚು, ಮುದ್ದಿನ ಮೊಮ್ಮಗಳು ಕಣ್ಣು.

"ಆ ಪೇಚ್ಚು ಈಗ ಬೇಡ ಕಣ್ಣು. ತಿಂಗಳು ಕಳೀಲಿ. ಕಾಫಿ ಬೇಕಾದ್ರೆ ಕೊಟ್ಟು ಬಾ."

ಕಾಫಿ ಕೊಡುವ ನೆಪ ನನಗೂ ಬೇಕಾಗಿತ್ತು. ಹೋಗಿ ನೋಡಿದರೆ ಗಾಡಿ ಚೂರು ಚೂರಾಗಿ ಚಾಪೆಯ ಮೇಲೆ ಮಲಗಿತ್ತು.

"ಇದ್ದ ವಂಡಿನೂ ಪೋಚ್ಚಾ?" ಎಂದೆ.

"ಪೋಚ್ಚು ಅಂದ್ರೆ?"

"ಹೋಯ್ತು ಅಂತ. ಎರಡು ವರ್ಷದಿಂದ ಇದೇ ಊರಲ್ಲಿದೀರಿ. ಮಿಲ್ಲಲ್ಲಿ ಯಾರ್ ಹತ್ರನೂ ತಮಿಳು ಮಾತಾಡಲ್ವಾ?"

"ಆಡ್ತೀನಿ. ನಾನು ಆಡ್ತೀನಿ, ಅವರು ನಗ್ತಾರೆ."

ನಾನೂ ನಕ್ಕೆ. ತಲೆ ಎತ್ತಿ ನೋಡಿದರು. ಈ ಸಲ ಲೋಟದ ಕಡೆ ನೋಟ ಹೊರಳಲಿಲ್ಲ. ನಾನೇ ಸೆರಗು ಸರಿಮಾಡಿಕೊಂಡು ಒಳಗೆ ಓಡಿದೆ.

ವಾರ ವಾರಕ್ಕೂ ಗಾಡಿಗೆ ಒಂದೊಂದು ಹೊಸತು ಕೂಡುತ್ತಾ ಬಂತು. ಸಿಲಿಂಡರ್ ಕೊರೆಸಿ ಹೊಸ ಪಿಸ್ಟನ್ ಕೂರಿಸಿದರು. ಕಿಡಿ ಹೊತ್ತಿಸುವ ಮ್ಯಾಗ್ನೆಟೊಗೆ ಹೊಸ ತಂತಿ ಸುತ್ತಿಸಿ ತಂದರು. ಮಿಣುಕು ದೀಪವಿದ್ದಲ್ಲಿ ದೊಡ್ಡ ಹೆಡ್‌ಲೈಟ್ ಬಂತು, ದೂರ ಪ್ರಯಾಣಕ್ಕೆ ಎರಡೂ ಬದಿಗೆ ಕ್ಯಾನ್ವಾಸ್ ಚೀಲ ಬಂತು. ಹಿಂದಿನ ಕ್ಯಾರಿಯರ್ ಮೇಲೆ ಸ್ಪ್ರಿಂಗ್ ಸೀಟೂ ಬಂತು. ಅದು ಅಪ್ಪನಿಗೆ ಅಂದುಕೊಂಡೆ.

ಒಂದು ಭಾನುವಾರ ಅಂಗೈಯಗಲದ ಹಲ್ಲಿನ ಚಕ್ರವೊಂದನ್ನು ಹಿಡಿದು ಕೂತಿದ್ದರು. ಚೈನು ಎಳೆಯುವ ಚಕ್ರ. ಹಳೆಯದು ಪಕ್ಕದಲ್ಲಿತ್ತು, ಇದಕ್ಕಿಂತ ದೊಡ್ಡದು.

"ಹಲ್ಲು ಕಮ್ಮಿ ಆದ್ರೆ ವೇಗ ಕಮ್ಮಿ ಆಗಲ್ವಾ?" ಎಂದೆ. ಲೆಕ್ಕದ ಟೀಚರು ಅಲ್ಲವೇ ನಾನು.

"ಆಗುತ್ತೆ. ಆದರೆ ಎಳೆಯೋ ಶಕ್ತಿ ಜಾಸ್ತಿ. ಮೇಟುಪಾಳ್ಯ ದಾಟಿದ ಮೇಲೆ ಘಾಟಿ ಇದೆಯಲ್ಲ."

"ಅಪ್ಪ ದೊಡ್ಡ ಚಕ್ರದಲ್ಲೇ ಊಟಿ ಹತ್ತಿದವರು. ಒಬ್ಬರಿಗೆ ಅಷ್ಟು ಶಕ್ತಿ ಏನಕ್ಕೆ?"

"ಒಬ್ಬರಿಗೆ ಬೇಡ."

"ಓ, ನೀವೂ ಅಪ್ಪನೂ ಹೋಗ್ತೀರಾ?"

"ನಿಮ್ಮ ಅಪ್ಪನಿಗೆ ಸೊಂಟನೋವು" ಎಂದು ಅವರು ಬಗ್ಗಿ ನಟ್ಟು ಬಿಗಿಯತೊಡಗಿದರು. ಅದು ಆಗಲೇ ಬಿಗಿದಿದ್ದ ನಟ್ಟು. ಕಿವಿ ಮತ್ತೆ ಕೆಂಪಾಗಿತ್ತು.

ಆ ವಾರವೆಲ್ಲ ನಾನು ನೆಲದ ಮೇಲೆ ಇರಲಿಲ್ಲ. ಹುಡುಗಿಯರ ತಪ್ಪು ಲೆಕ್ಕಕ್ಕೆಲ್ಲ ಸರಿ ಗುರುತು ಹಾಕಿದೆ.

ಮುಂದಿನ ಭಾನುವಾರ ಅವರು ಬಂದದ್ದು ಕೆಲಸದ ಬಟ್ಟೆಯಲ್ಲಲ್ಲ. ಜರಿ ಪಂಚೆ ಉಟ್ಟಿದ್ದರು. ಷೆಡ್ಡಿಗೆ ಹೋಗದೆ ಹಜಾರದಲ್ಲಿ ಕೂತರು. ಅಜ್ಜಿ ಕಾಫಿ ಕೊಟ್ಟರು. ಅಪ್ಪ ಗಾಳಿಗೆ ಬಿದ್ದ ತೆಂಗಿನ ಮರದ ಕತೆ ಹೇಳಿದರು. ಅವರು ಒಂದು ಗಳಿಗೆ ಕಾದು, ಬಾಗಿಲ ಮರೆಯಲ್ಲಿದ್ದ ನನ್ನನ್ನು ಒಂದು ಥರಾ ನೋಡಿ ಎದ್ದು ಹೋದರು. ಏನೆಂದು ನನಗೆ ಅರ್ಥವಾಗಲಿಲ್ಲ.

ಅದರ ಮುಂದಿನ ಭಾನುವಾರ ಸುಮ್ಮನೆ ಬಂದು ಸುಮ್ಮನೆ ಕೆಲಸ ಮಾಡಿದರು. ನಾನು ಕೊಟ್ಟ ಕಾಫಿ ಆರಿ ಕೆನೆ ಕಟ್ಟಿತು. ಸಂಜೆ ಅಪ್ಪನ ಹತ್ತಿರ, "ಗಾಡಿ ಸಿದ್ಧ ಸರ್. ಮದುರೆ ಮಿಲ್ಲಿನವರು ಕರೀತಿದ್ದಾರೆ, ನಾಳೆ ಹೊರಡ್ತೀನಿ" ಎಂದದ್ದು ಕೇಳಿಸಿತು.

ಅಪ್ಪ ಒಳಗೆ ಹೋದದ್ದೇ ಷೆಡ್ಡಿಗೆ ನುಗ್ಗಿದೆ. ಕಿಟಕಿಯ ಅಂಚಿನಲ್ಲಿ ಆ ಚಿಕ್ಕ ಚಕ್ರವಿತ್ತು. ಚೆನ್ನಾಗಿ ಒರೆಸಿ, ಎಣ್ಣೆ ಹಚ್ಚಿ, ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ಗಾಡಿಗೆ ಹಳೆಯ ದೊಡ್ಡ ಚಕ್ರ ಮರಳಿ ಬಂದಿತ್ತು.

"ಇದನ್ನ ಯಾಕೆ ತೆಗೆದಿರಿ?"

ಅವರು ಕೈ ಒರೆಸಿಕೊಳ್ಳುತ್ತಲೇ ಇದ್ದರು. "ಘಾಟಿ ಹತ್ತೋಕೆ ಇಬ್ಬರಿಲ್ಲವಲ್ಲ."

"ಇಲ್ಲಾಂತ ಯಾರ್ ಹೇಳಿದ್ದು?"

"ಯಾರೂ ಹೇಳಲಿಲ್ಲ. ಅದೇ ಉತ್ತರ ಅಂದುಕೊಂಡೆ. ಆಷಾಢ ಕಳೀತಿದ್ದ ಹಾಗೇ ಬಂದು ನಿಮ್ಮ ಹಜಾರದಲ್ಲಿ ಕೂತೆ. ನಿಮ್ಮಪ್ಪ ತೆಂಗಿನ ಮರದ ವಿಷಯ ಮಾತಾಡಿದರು."

"ತಿಂಗಳು ಎಲ್ರೀ ಕಳೀತು? ಆಡಿ ಇನ್ನೂ ಇದೆಯಲ್ಲ!"

"ಆಡಿ?"

ಆಗ ಹೊಳೆಯಿತು ನನಗೆ. ಅವರ ಆಷಾಢ ಅಮಾವಾಸ್ಯೆಗೆ ಮುಗಿದಿತ್ತು. ನಮ್ಮೂರಿನ ತಮಿಳರ ಆಡಿ ತಿಂಗಳು ಬೇರೆ. ಅದು ನಮ್ಮ ಆಷಾಢದ ನಡುವೆ ಹುಟ್ಟಿ, ಶ್ರಾವಣ ಬಂದ ಮೇಲೂ ಮುಗಿಯುವುದಿಲ್ಲ. ತಲೆಮಾರುಗಳಿಂದ ಇಲ್ಲೇ ಇರುವ ನಾವು ನಮ್ಮದನ್ನೂ ಬಿಡಲಿಲ್ಲ, ನೆರೆಯವರದನ್ನೂ ಬಿಡಲಿಲ್ಲ. ಎರಡರಲ್ಲೂ ಶುಭದ ಮಾತು ಕೂಡದು. ಒಂದೇ ತಿಂಗಳು ಕಾಯುವ ಕನ್ನಡದವರೂ ಇರುತ್ತಾರೆಂದು ನಮ್ಮ ಮನೆಯಲ್ಲಿ ಯಾರಿಗೂ ತೋಚಿರಲಿಲ್ಲ.

ಹೇಳಿದೆ. ಕೇಳಿ ಎಣ್ಣೆ ಡಬ್ಬಿಯ ಮೇಲೆ ಕುಸಿದು ಕೂತರು. "ಊರಲ್ಲಿ ನಮ್ಮ ಪಕ್ಕದ ಮನೇಲಿ ಮದುವೆಗೆ ಚಪ್ಪರ ಹಾಕಾಗಿದೆ, ವೇದವತಿ!"

ಮೊದಲ ಸಲ ನನ್ನ ಹೆಸರು ಹಿಡಿದು ಕರೆದಿದ್ದರು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಗು ಮೊದಲು ನಿಂತದ್ದು ಅವರಿಗೆ.

"ಆಡಿ ಮುಗಿಯೋ ತನಕ ಮದುರೆಯವರು ಕಾಯಲ್ಲ" ಎಂದರು. "ನಾಳೆ ಹೋಗಬೇಕು, ಇಲ್ಲಾಂದ್ರೆ ಬರಲ್ಲ ಅಂತ ತಂತಿ ಕೊಡಬೇಕು. ನಿಮ್ಮ ಮನೆಯವರ ಬಾಯಿಂದ ಈಗ ಮಾತು ಬರಲ್ಲ."

"ಬರಲ್ಲ."

ಎದ್ದು ಬಂದು ಎದುರಿಗೆ ನಿಂತರು. "ನಮ್ಮ ಪಂಚಾಂಗದಲ್ಲಿ ಇವತ್ತು ಶ್ರಾವಣ. ನಾನು ಹೇಳಬಹುದು. ನೀವು ಕೇಳಿಸಿಕೊಳ್ಳಿ ಸಾಕು. ವಾರಕ್ಕೊಮ್ಮೆ ನಿಮ್ಮ ಕೈಲಿ ಬೈಸಿಕೊಂಡು ನನಗೆ ಅಭ್ಯಾಸ ಆಗಿಹೋಗಿದೆ. ಮದುರೆಯಲ್ಲಿ ಹೇಗಿರಲಿ? ನನಗೆ ನೀವು ಬೇಕು."

ಗಾಳಿಗೆ ಷೆಡ್ಡಿನ ಬಾಗಿಲು ಧಡಾರೆಂದು ಮುಚ್ಚಿಕೊಂಡಿತು. ಅಜ್ಜಿ ಒಳಗೆ ಸಂಜೆಯ ದೀಪ ಹಚ್ಚುತ್ತಿದ್ದ ಹೊತ್ತು. ಇನ್ನೊಂದು ವಾರ ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಕ್ರಮವಾಗಿ ನಡೆಯುತ್ತಿತ್ತು, ಇವರು ಮಾತ್ರ ಮದುರೆಯಲ್ಲಿರುತ್ತಿದ್ದರು.

"ತಂತಿ ಕೊಡಿ" ಎಂದೆ. "ನಂಗೂ ನೀವೇ ಬೇಕು. ಆಡಿಲಿ ಹೇಳಿದ್ದಕ್ಕೆ ದೋಷ ಬಂದ್ರೆ ನಂಗೇ ಬರ್ಲಿ."

ಗ್ರೀಸು ಮೆತ್ತಿದ ಕೈಯಲ್ಲೇ ನನ್ನ ಬೆರಳು ಹಿಡಿದರು.

"ಅರ್ಧ ನನಗಿರಲಿ" ಎಂದರು.